ಬಲಕ್ಕೆ ಬಿದ್ದ ಹೂವು

ಗಾಡಿಯ ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತವಳಿಗೆ ಒಂದು ಅನುಕೂಲ ಇರುತ್ತದೆ. ಮುಂದೆ ಕೂತ ಹಿರಿಯರಿಗೆ ಎತ್ತಿನ ಬೆನ್ನಷ್ಟೇ ಕಾಣುತ್ತದೆ. ಅವಳಿಗೆ ಹಿಂದೆ ಬರುವವರೆಲ್ಲ ಕಾಣುತ್ತಾರೆ. ಆ ಸೋಮವಾರ ಮುಂಜಾನೆ ಸಂತೆಕಲ್ಲೂರಿನಿಂದ ಗುಡ್ಡದ ಸೋಮಯ್ಯನ ಗುಡಿಗೆ ಹೊರಟ ಗಾಡಿಯ ಹಿಂದೆ ಜಂಬಮ್ಮನಿಗೆ ಕಂಡವನು ಒಬ್ಬನೇ. ಮಸ್ಕಿಯ ಅಮರಗುಂಡಪ್ಪ, ಸೈಕಲ್ ಮೇಲೆ.

ನಿಜಾಮರ ಆಳ್ವಿಕೆ ಇನ್ನೂ ಅಲುಗಾಡದೆ ಇದ್ದ ದಿನಗಳು ಅವು. ಮಸ್ಕಿಯಂಥ ಊರಲ್ಲಿ ಕೂಡ ಸೈಕಲ್ ಹೋದರೆ ಜನ ಅಂಗಡಿಯಿಂದ ಎದ್ದು ಬಂದು ನೋಡುತ್ತಿದ್ದರು. ಆದರೆ ಎತ್ತಿನ ಗಾಡಿಯ ಹಿಂದೆ ಸೈಕಲ್ ತುಳಿಯುವುದು ಬಲು ಕಷ್ಟ. ಜೋರು ತುಳಿದರೆ ಗಾಡಿ ದಾಟಿ ಹೋಗಬೇಕು, ಮೆಲ್ಲಗೆ ತುಳಿದರೆ ಬೀಳಬೇಕು. ದಾಟಿ ಹೋಗಲು ಅಮರಗುಂಡಪ್ಪನಿಗೆ ಮನಸ್ಸಿರಲಿಲ್ಲ. ಹಾಗಾಗಿ ಓಲಾಡುತ್ತ, ಆಗಾಗ ಕಾಲು ನೆಲಕ್ಕೆ ಊರುತ್ತ, ಧೂಳು ಕುಡಿಯುತ್ತ ಬರುತ್ತಿದ್ದ.

ಅವನ ತಾಯಿ, ಸೋದರಮಾವ ಮಸ್ಕಿಯಿಂದ ನೇರ ಗುಡಿಗೆ ಹೋಗಿದ್ದರು. ಇವನು ಮಾತ್ರ ದಾರಿ ತೋರಿಸುವ ನೆಪ ಮಾಡಿಕೊಂಡು ಸುತ್ತು ಹಾಕಿ ಸಂತೆಕಲ್ಲೂರಿಗೆ ಬಂದಿದ್ದ. ಗಾಡಿ ಹೊಡೆಯುತ್ತಿದ್ದ ಸೂಗಪ್ಪ, ಜಂಬಮ್ಮನ ಅಪ್ಪ, ಆ ದಾರಿಯನ್ನು ಹುಟ್ಟಿದಾಗಿನಿಂದ ಬಲ್ಲವನು. ಆದರೂ ಒಳಗೇ ನಕ್ಕು ಎತ್ತು ಮುಂದೆ ಹೊಡೆದ.

ಜಂಬಮ್ಮ ತಲೆ ತಗ್ಗಿಸಿದರೆ ಅವನು ಗಂಟೆ ಬಾರಿಸುವನು. ಅವಳು ತಲೆ ಎತ್ತಿದರೆ ಎತ್ತಲೋ ಗುಡ್ಡ ನೋಡುವನು. ಅವಳು ಮತ್ತೆ ತಗ್ಗಿಸಿದರೆ ಮತ್ತೆ ಗಂಟೆ. ಕೊನೆಗೆ ಸೂಗಪ್ಪ ತಿರುಗಿ, ಏನಪ್ಪ ಅದು ಸಪ್ಪಳ ಅಂದ.

"ಜ್ವಾಳದಾಗ ಹಕ್ಕಿ ಭಾಳ ಆಗ್ಯಾವ್ರೀ ಮಾವ. ಓಡಸಾಕತ್ತೀನಿ."

ಜಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಬುತ್ತಿಯ ಗಂಟು ಹಿಡಿದು ಕೂತ ಸಂಗಮ್ಮ, ಅವಳ ಸೋದರತ್ತೆ, ಹೊಲದ ಕಡೆ ಮುಖ ಮಾಡಿ ನಕ್ಕಳು.

ಸೈಕಲ್ಲಿನ ಹಿಡಿಕೆಗೆ ಒಂದು ಒದ್ದೆ ಬಟ್ಟೆಯ ಪುಟ್ಟ ಗಂಟು ಕಟ್ಟಿತ್ತು. ಅದರಲ್ಲಿ ಅವರ ಹಿತ್ತಲಿನ ಎರಡು ಬಿಳಿ ಕಣಗಿಲೆ ಹೂವು. ಹಳ್ಳದ ಮರಳಲ್ಲಿ ಅವನು ಸೈಕಲ್ ದೂಡಿಕೊಂಡು ಗಾಡಿಗೆ ಅಂಟಿ ನಡೆಯುವಾಗ ಜಂಬಮ್ಮ ಕೈ ಚಾಚಿ ಮೆಲ್ಲಗೆ, ಒಂದು ಇತ್ಲಾಗ ಕೊಡು, ನೋಡ್ತೀನಿ ಅಂದಳು. ಅಮರಗುಂಡಪ್ಪ ಥಟ್ಟನೆ ಗಂಟಿನ ಮೇಲೆ ಅಂಗೈ ಮುಚ್ಚಿದ.

"ಮುಟ್ಟಬ್ಯಾಡ. ಇವು ಸೋಮಯ್ಯನ ಹೂವು."

ಎಷ್ಟು ಭಕ್ತಿ ಇವನಿಗೆ ಎಂದುಕೊಂಡಳು. ಅವನ ಮೇಲಿನ ಪ್ರೀತಿ ಆ ಗಳಿಗೆಯಲ್ಲಿ ಇನ್ನೊಂದು ಗೇಣು ಬೆಳೆಯಿತು.

ಇಬ್ಬರ ಕಣ್ಣು ಕೂಡಿದ್ದು ಮಸ್ಕಿಯಲ್ಲಿ, ಬಳೆ ಇಡಿಸುವ ಲಾಲ್‌ಬೀಯ ಮುಂದೆ. ಎದುರಿಗೇ ಅಮರಗುಂಡಪ್ಪನ ಸೋದರಮಾವನ ಹತ್ತಿಯ ಅಡತಿ ಅಂಗಡಿ. ಇವನು ಲಿಂಗಸೂಗೂರಿನಲ್ಲಿ ಇದ್ದು ಉರ್ದು ಓದು ಬರಹ ಕಲಿತು ಬಂದವನು, ಕಚೇರಿಯವರ ಹತ್ತಿರ ನಗುನಗುತ್ತ ಕೆಲಸ ಮಾಡಿಸಿಕೊಳ್ಳುವವನು. ಹತ್ತಿಯ ಅಂಡಿಗೆಗೆ ಒರಗಿ ನಿಂತವನು ಜಂಬಮ್ಮನ ಕಡೆ ನೋಡಿದ, ಅವಳೂ ನೋಡಿದಳು, ಲಾಲ್‌ಬೀಯ ಕೈಯಲ್ಲಿದ್ದ ಮುಂಗೈ ಬಿಗಿಯಾಯಿತು.

"ಕೈ ನನ್ನ ಹತ್ರ ಕೊಟ್ಟಿ, ಕಣ್ಣು ಯಾರ ಹತ್ರ ಕೊಟ್ಟಿ ಬೇಟಿ? ಬಳಿ ಒಡೀತಾವ ನೋಡು," ಅನ್ನುವುದರೊಳಗೆ ಬಳೆ ಒಡೆದೇ ಹೋಯಿತು.

ಅವನು ತಂಬಿಗೆಯಲ್ಲಿ ನೀರು ತಂದು ಎದುರಿಗೆ ಕೂತ. ಗೀರಿದ ಮುಂಗೈ ಮೇಲೆ ನೀರು ಬೀಳುತ್ತಿದ್ದಾಗ ಜಂಬಮ್ಮ ಸಿಟ್ಟು ಮಾಡಿದಂತೆ ಮಾಡಿ, ಬಳೆ ಒಡೆದದ್ದು ನಿಮ್ಮಿಂದ ಅಂದಳು.

"ಹಂಗಾದ್ರ ಜಿಂದಗಿ ಪೂರಾ ನಾನಾ ಇಡಸ್ತೀನಿ. ಕಬೂಲ್ ಅದ ಏನ್ರಿ?"

ಲಾಲ್‌ಬೀ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಸಂಗಮ್ಮನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಬೆಳೆಸಿದ ಸಂಗಮ್ಮ ಅಣ್ಣನ ಹತ್ತಿರ ಮಾತೆತ್ತಿದಳು. ಸೂಗಪ್ಪನಿಗೆ ಹುಡುಗ ಹಿಡಿಸಿದ. ಮಸ್ಕಿಯವರಿಗೆ ಸೂಗಪ್ಪನ ಮನೆತನ ಹಿಡಿಸಿತು. ಉಳಿದದ್ದು ಸೋಮಯ್ಯನ ಒಪ್ಪಿಗೆ ಒಂದೇ.

ಸೂಗಪ್ಪನ ಮನೆಯಲ್ಲಿ ಸೋಮಯ್ಯನ ಅಪ್ಪಣೆ ಇಲ್ಲದೆ ಹೆಣ್ಣು ಹೊರಗೆ ಕೊಡುವ ನಡಾವಳಿ ಇಲ್ಲ. ಗಂಡಿನ ಕಡೆಯವರು ತಮ್ಮ ಹಿತ್ತಲಿನ ಎರಡು ಹೂವು ತರಬೇಕು. ಪೂಜಾರಿ ಲಿಂಗಕ್ಕೆ ನೀರು ಹಾಕಿ, ಒದ್ದೆ ಕಲ್ಲಿಗೆ ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಹಚ್ಚುತ್ತಾನೆ. ಎಲ್ಲರೂ ಉಸಿರು ಹಿಡಿದು ಕೂಡುತ್ತಾರೆ. ಕಲ್ಲು ಆರುತ್ತ ಬಂದಂತೆ ಒಂದು ಹೂವು ಜಾರುತ್ತದೆ. ಬಲಗಡೆಯದು ಬಿದ್ದರೆ ಕೊಡು ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಅದರ ಮೇಲೆ ಮಾತಿಲ್ಲ.

ಸಂಗಮ್ಮನಿಗೆ ಎಡಗಡೆಯದು ಬಿದ್ದಿತ್ತು. ಲಿಂಗಸೂಗೂರಿನ ಹುಡುಗ, ಅವಳು ಒಪ್ಪಿ, ಅವನು ಒಪ್ಪಿ, ಹಿರಿಯರೆಲ್ಲ ಒಪ್ಪಿ ಇದೇ ಗುಡಿಗೆ ಬಂದಿದ್ದರು. ಹೂವು ಬಿದ್ದ ಮೇಲೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಹೋದರು. ಮುಂದೆ ಸಿಂಧನೂರಿನ ಕಡೆ ಒಬ್ಬನಿಗೆ ಕೊಟ್ಟರು. ಅವನಿಗೆ ಬಲಕ್ಕೇ ಬಿದ್ದಿತ್ತು. ಅವನು ಬಹಳ ದಿನ ಬಾಳಲಿಲ್ಲ, ಸಂಗಮ್ಮ ತವರಿಗೆ ಬಂದಳು. ಸೋಮಯ್ಯನಿಗೆ ಮುಂದಿನದು ಗೊತ್ತಿರುತ್ತದೆ, ನಮಗೇನು ಗೊತ್ತು ಎನ್ನುತ್ತಿದ್ದಳು. ಆದರೆ ಲಿಂಗಸೂಗೂರಿನ ಮಾತು ಬಂದರೆ ರೊಟ್ಟಿ ತಟ್ಟುವ ಅವಳ ಕೈ ನಿಲ್ಲುತ್ತಿತ್ತು. ಮನೆಗೆ ಬಂದಿದ್ದಾಗ ಒಮ್ಮೆ ಅಮರಗುಂಡಪ್ಪ ಆ ನಿಂತ ಕೈ ನೋಡಿದ್ದ.

ಗುಡಿ ಬಹಳ ಹಳೆಯದು. ಕಂಬಗಳು ಜನರ ಬೆನ್ನು ತಾಗಿ ತಾಗಿ ನುಣುಪಾಗಿದ್ದವು. ಬಾಗಿಲ ಪಕ್ಕದ ಕಲ್ಲಿನಲ್ಲಿ ಯಾರಿಗೂ ಓದಲು ಬಾರದ ಅಕ್ಷರ. ಹೊರಗೆ ಬಿಸಿಲು ಏರಿದ್ದರೂ ಒಳಗೆ ಕಾಲಿಟ್ಟರೆ ತಂಪು, ಎಣ್ಣೆಯ ವಾಸನೆ, ಬಾವಲಿಗಳ ಪಿಸುಗುಟ್ಟುವಿಕೆ.

ಪೂಜಾರಿ ಸಿದ್ದಯ್ಯನಿಗೆ ಕಣ್ಣು ಮಂಜಾಗಿದ್ದವು. ಅಮರಗುಂಡಪ್ಪನೇ ಗಂಟು ಬಿಚ್ಚಿ ಹೂವು ಕೊಟ್ಟ. ಇದು ಬಲಕ್ಕೆ ಹಚ್ಚ್ರಿ ಎಂದು ಒಂದು ಕೊಟ್ಟ, ಅದು ಹಚ್ಚಿದ ಮೇಲೆ ಇನ್ನೊಂದು ಕೊಟ್ಟ. ಸೂಗಪ್ಪ ಕೈ ಮುಗಿದು, ನನ್ನ ಮಗಳನ್ನು ಈ ಹುಡುಗನಿಗೆ ಕೊಡಲೋ ಬೇಡವೋ ನೀನೇ ಹೇಳು ತಂದೆ ಎಂದು ಕೇಳಿಕೊಂಡ.

ಜಂಬಮ್ಮ ಕಣ್ಣು ಮುಚ್ಚಿದಳು. ಬೇಡಿಕೊಳ್ಳಲು ಹೋದರೆ ಮಾತು ಬರಲಿಲ್ಲ. ಮುಚ್ಚಿದ ಕಣ್ಣೊಳಗೆ ಸೈಕಲ್ ಓಲಾಡುತ್ತಿತ್ತು. ದೇವರ ಮುಂದೆ ಇದೇನು ಎಂದು ನಾಚಿ ಕಣ್ಣು ತೆರೆದರೆ ಅಮರಗುಂಡಪ್ಪ ಲಿಂಗ ಬಿಟ್ಟು ಇವಳನ್ನೇ ನೋಡುತ್ತಿದ್ದ, ಸಂತೆಯಲ್ಲಿ ನಿಂತವನ ಹಾಗೆ ಆರಾಮಾಗಿ. ಇಷ್ಟು ಧೈರ್ಯ ಇವನಿಗೆ ಎಲ್ಲಿಂದ ಬಂತು ಎಂದು ಅವಳಿಗೆ ಅನ್ನಿಸಿತು.

ಬಲಗಡೆಯ ಹೂವು ಅಲುಗಿತು. ಜಾರಿತು. ಪೀಠದ ಮೇಲೆ ಸಪ್ಪಳವಿಲ್ಲದೆ ಬಿತ್ತು.

ಸಂಗಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತು ಅತ್ತಳು. ಎಷ್ಟೋ ವರ್ಷದಿಂದ ತಡೆದದ್ದು ಅದು. ಬಿದ್ದ ಹೂವನ್ನು ತಾನೇ ಎತ್ತಿ ಜಂಬಮ್ಮನ ಮುಡಿಗೆ ಏರಿಸಿ, ನನಗೆ ಸಿಗದ್ದು ನಿನಗೆ ಸಿಕ್ಕಿತು ಎಂದು ಕೆನ್ನೆ ಸವರಿದಳು. ಗಂಡಸರು ಲಗ್ನದ ತಿಂಗಳ ಮಾತಾಡುತ್ತ ಹೊರಗಿನ ಬೇವಿನ ಕೆಳಗೆ ಹೋದರು. ಅಮರಗುಂಡಪ್ಪನ ತಾಯಿ ಬುತ್ತಿ ಬಿಚ್ಚಿದಳು.

ಇನ್ನೊಂದು ಕೆಲಸ ಉಳಿದಿತ್ತು. ಕಲ್ಲಿನಲ್ಲಿ ನಿಂತ ಎಡಗಡೆಯ ಹೂವನ್ನು ಹುಡುಗಿಯೇ ತೆಗೆದು ಹಿಂದಿನ ಹೊಂಡದಲ್ಲಿ ಬಿಡಬೇಕು. ಜಂಬಮ್ಮ ಒಬ್ಬಳೇ ಒಳಗೆ ನಿಂತು, ಕೈ ಮುಗಿದು, ಎರಡು ಬೆರಳಿಂದ ಹೂವು ಹಿಡಿದಳು. ಅದು ಬರಲಿಲ್ಲ. ಮೆಲ್ಲಗೆ ಎಳೆದಳು. ಎಸಳು ಹರಿದು ಕೈಗೆ ಬಂತು, ತೊಟ್ಟು ಕಲ್ಲಿನಲ್ಲೇ ಉಳಿಯಿತು. ಬೆರಳು ಒಂದಕ್ಕೊಂದು ಕಚ್ಚಿಕೊಂಡವು.

ಅವಳು ಬೆರಳನ್ನು ಮೂಗಿನ ಹತ್ತಿರ ತಂದಳು. ಜಾಲಿಯ ಅಂಟು. ಓಣಿಯ ಬಾಣಂತಿಯರಿಗೆ ಅದನ್ನೇ ಹುರಿದು ಕುಟ್ಟಿ ಬೆಲ್ಲದಲ್ಲಿ ಉಂಡೆ ಕಟ್ಟಿದವಳು ಅವಳು. ತಪ್ಪಾಗಿ ತಿಳಿಯುವ ಮಾತೇ ಇರಲಿಲ್ಲ.

ಹೊಂಡದ ಮೆಟ್ಟಿಲಿಗೆ ಬರಲು ಅಮರಗುಂಡಪ್ಪನಿಗೆ ಕಣ್ಣಲ್ಲೇ ಹೇಳಿದಳು. ಅವನು ಹಲ್ಲು ಕಿಸಿಯುತ್ತ ಬಂದ. ಅವಳು ಅಂಟಿದ ಬೆರಳು ಚಾಚಿದಳು. ಅವನ ನಗು ಒಂದು ಕ್ಷಣ ಹಾಗೇ ಮುಖದ ಮೇಲೆ ನಿಂತು ಆಮೇಲೆ ಇಳಿಯಿತು.

"ಹೂಂ. ನಾನಾ ಹಚ್ಚೀನಿ," ಅಂದ.

"ಯಾಕ?"

"ಬಲದ್ದು ಬೀಳಲಿ ಅಂತ."

"ಬೀಳಂಗಿಲ್ಲ ಅಂತ ನಿನಗ ಯಾರು ಹೇಳಿದ್ರು?"

"ನಿಮ್ಮ ಅತ್ತಿ ಕೈ ಹೇಳ್ತು. ರೊಟ್ಟಿ ತಟ್ಟೂ ಕೈ." ಅವನು ಮೆಟ್ಟಿಲ ಮೇಲೆ ಕೂತ. ಮಾತಿನಲ್ಲಿ ತಮಾಷೆ ಇರಲಿಲ್ಲ. "ಎಡದ್ದು ಬಿದ್ದಿದ್ರ ನೀ ಏನು ಮಾಡ್ತಿದ್ದಿ ಜಂಬೀ? ಖರೇ ಹೇಳು."

ಅವಳು ನೀರನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು.

"ಅವ ಹೇಳಿದ್ಹಂಗ ಕೇಳ್ತಿದ್ದೆ. ಆಮ್ಯಾಗ ಸಾಯೂ ತನಕ ಅಳ್ತಿದ್ದೆ."

"ನೋಡು ಮತ್ತ. ನೀ ನನ್ನ ಒಂದು ಹೂವಿನ ಕೈಯಾಗ ಕೊಟ್ಟು ಬಿಟ್ಟಿದ್ದಿ. ನಾ ನಿನ್ನ ಯಾರ ಕೈಯಾಗೂ ಕೊಡಾಕ ತಯಾರಿಲ್ಲ. ನನ್ನ ತಪ್ಪೇನು?"

ಆ ಮಾತು ನಾಟಿತು. ಅದರಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ನಾಟಿತು. ತನ್ನನ್ನು ಇಷ್ಟು ಬಯಸುವವನು ಒಬ್ಬ ಇದ್ದಾನಲ್ಲ ಎಂದು ಅವಳ ಎದೆ ಕರಗಿತು. ಅದೇ ಎದೆಯಲ್ಲಿ, ಸೋಮಯ್ಯನ ಬಾಯಿಗೆ ಅಂಟು ಮೆತ್ತಿ ತಂದ ಮಾತಿನ ಮೇಲೆ ಸಂಸಾರ ಹೂಡುವುದು ಹೇಗೆ ಎಂಬ ಹೆದರಿಕೆಯೂ ಇತ್ತು. ಮುಂದೆ ಒಂದು ಮಗುವಿಗೆ ಜ್ವರ ಬಂದರೂ ಈ ಬೆರಳು ನೆನಪಾಗುತ್ತದೆ.

ಅವಳು ಅವನಿಗೆ ಅಷ್ಟನ್ನೂ ಹೇಳಿದಳು. ಬೈಯಲಿಲ್ಲ. ಇನ್ನೊಮ್ಮೆ ಕೇಳೋಣ, ನಾವಿಬ್ಬರೇ, ಅಂಟಿಲ್ಲದೆ ಅಂದಳು. ಹೊಂಡದ ಪಕ್ಕದಲ್ಲೇ ಕಣಗಿಲೆ ಗಿಡ ಇತ್ತು. ಹಿತ್ತಲಿನದೇ ಆಗಬೇಕು ಎಂಬ ನಿಯಮ ಇವತ್ತು ಬಿಡೋಣ ಅಂದಳು. ಅವನು ಬೇಡ ಬೇಡ ಎಂದು ಕೈ ಹಿಡಿದ. ಮೊದಲ ಸಲ ಹಿಡಿದದ್ದು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದ ಕೈಯನ್ನೇ ಎಳೆದುಕೊಂಡು ಒಳಗೆ ನಡೆದಳು.

ಮೊದಲು ಉಗುರಿನಿಂದ ಅಂಟು ಕೆರೆದು ಕಲ್ಲು ತೊಳೆದಳು. ಬಲಗಡೆಯ ಹೂವು ಅವನು ಹಚ್ಚಿದ, ಎಡಗಡೆಯದು ಅವಳು ಹಚ್ಚಿದಳು. ಇಬ್ಬರೂ ಎದುರಿಗೆ ಕೂತರು. ಹೊರಗಿನಿಂದ ಊಟದ ಮಾತು, ಸೂಗಪ್ಪನ ದೊಡ್ಡ ನಗು ಕೇಳುತ್ತಿತ್ತು.

ಹೂವು ಬೀಳಲಿಲ್ಲ.

ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಕಲ್ಲು ಆರಿದರೂ ಎರಡೂ ಇದ್ದಲ್ಲೇ ಇದ್ದವು. ಬಾಗಿಲ ಬಿಸಿಲು ಹೊಸ್ತಿಲು ದಾಟಿ ಅತ್ತ ಸರಿಯಿತು.

ಹೀಗೆ ಕೂತಿದ್ದಾಗ ಜಂಬಮ್ಮನೊಳಗೆ ಒಂದು ವಿಚಿತ್ರ ನಡೆಯುತ್ತಿತ್ತು. ಮೊದಮೊದಲು ಎಡಗಡೆಯ ಹೂವಿಗೆ ಹೆದರುತ್ತಿದ್ದಳು. ಬರಬರುತ್ತ ಆ ಹೆದರಿಕೆ ಸಡಿಲಾಯಿತು. ಪಕ್ಕದಲ್ಲಿ ಅವನ ಉಸಿರು, ಅವನ ತೋಳಿನ ಬಿಸಿ. ಎಡಗಡೆಯದು ಬಿದ್ದರೂ ನಾನು ಇವನನ್ನು ಬಿಡಲಾರೆನೇನೋ ಎಂಬ ಯೋಚನೆ ಎಲ್ಲಿಂದಲೋ ಬಂದು ಕೂತಿತು. ಬಂದ ಯೋಚನೆಗೆ ತಾನೇ ಬೆಚ್ಚಿದಳು. ಓಡಿಸಲಿಲ್ಲ. ಇನ್ನು ಸ್ವಲ್ಪ ಹೊತ್ತು ಇವನು ಹೀಗೇ ಸುಮ್ಮನೆ ನನ್ನ ಜೊತೆ ಕೂತಿರಲಿ, ಅಷ್ಟು ಸಾಕು, ಆಮೇಲೆ ನಾನೇ ಹೇಳುತ್ತೇನೆ, ನಡಿ ಹೋಗೋಣ, ಸೋಮಯ್ಯ ನಮಗೇ ಬಿಟ್ಟಿದ್ದಾನೆ ಎಂದು. ಮಾತು ಗಂಟಲ ತನಕ ಬಂದಿತ್ತು.

ಅಮರಗುಂಡಪ್ಪನಿಗೆ ಬೇಸರವಾಗಿತ್ತು. ಹೊರಗೆ ಸೋದರಮಾವ ಅವನ ಹೆಸರು ಹಿಡಿದು ಕರೆದ. ಅವನು ಎದ್ದ, ಸೊಂಟ ಸಡಿಲಿಸಿದ, ಲಿಂಗದ ಹತ್ತಿರ ಹೋಗಿ ಬಲಗಡೆಯ ಹೂವನ್ನು ಬೆರಳ ತುದಿಯಿಂದ ಚಿಮ್ಮಿದ. ಹೂವು ಕೆಳಗೆ ಬಿತ್ತು. ತಿರುಗಿ, ಗಾಡಿಯ ಹಿಂದೆ ಗಂಟೆ ಬಾರಿಸಿದಾಗಿನ ಅದೇ ತುಂಟ ನಗು ನಕ್ಕ.

"ನೋಡು, ಬಲದ್ದಾ ಬಿತ್ತು. ನಡಿ ಇನ್ನ, ಹಸಿವಾಗ್ಯಾದ. ಯಾರಿಗೆ ಗೊತ್ತಾಗ್ತದ?"

ಜಂಬಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. ಕೆಟ್ಟವನ ಮುಖ ಅಲ್ಲ ಅದು. ಅವಳು ಮೆಚ್ಚಿದ ಮುಖವೇ. ಆದರೆ ಅವಳ ಗಂಟಲ ತನಕ ಬಂದಿದ್ದ ಮಾತು ಒಳಗೆ ಇಳಿದು ಹೋಗಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ.

"ನನಗ ಗೊತ್ತಾಗ್ತದ," ಅಂದಳು.

ಮುಡಿಯಲ್ಲಿದ್ದ ಹೂವು ತೆಗೆದು ಪೀಠದ ಮೇಲೆ ಇಟ್ಟು ಹೊರಗೆ ಬಂದಳು. ಬೇವಿನ ಕೆಳಗೆ ಎಲ್ಲರೂ ಉಣ್ಣುತ್ತಿದ್ದರು. ಅಪ್ಪನ ಮುಂದೆ ನಿಂತು, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾ ಈ ಲಗ್ನ ಒಲ್ಲೆ ಅಪ್ಪಾ."

ಸೂಗಪ್ಪನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಮೊದಲು ನಗೆಯ ಮಾತು ಎಂದುಕೊಂಡರು. ಆಮೇಲೆ ಒಬ್ಬೊಬ್ಬರೇ ಕೇಳತೊಡಗಿದರು. ಯಾಕೆ, ಏನಾಯಿತು, ಹುಡುಗ ಏನಾದರೂ ಅಂದನೇ. ಅವಳು ಇಲ್ಲ ಅಂದಳು. ದೇವರೇ ಬಲಕ್ಕೆ ಕೊಟ್ಟ ಮೇಲೆ ಒಲ್ಲೆ ಅನ್ನುವ ಹೆಣ್ಣನ್ನು ನಾನು ಕಂಡಿಲ್ಲ ಎಂದು ಸಿದ್ದಯ್ಯ ಕೈ ತೊಳೆದು ಎದ್ದ. ಸೋಮಯ್ಯನ ಮಾತು ಮೀರಿದವರ ಮನೆ ಏನಾಗುತ್ತದೆ ಗೊತ್ತೇ ಎಂದು ಕೇಳಿದ.

ಅಮರಗುಂಡಪ್ಪ ಗುಡಿಯ ಬಾಗಿಲಲ್ಲಿ ನಿಂತಿದ್ದ.

ಜಂಬಮ್ಮ ಅವನ ಕಡೆ ನೋಡಿದಳು. ಅಂಟಿನ ಮಾತು ಅವಳು ಆಡಿದರೆ ಅವನ ಕಥೆ ಮುಗಿಯುತ್ತಿತ್ತು. ದೇವರ ಮುಂದೆ ಮೋಸ ಮಾಡಿದವನಿಗೆ ಮಸ್ಕಿಯಲ್ಲಿ ಹತ್ತಿ ತಂದು ಹಾಕುವವರು ಯಾರು, ಹೆಣ್ಣು ಕೊಡುವವರು ಯಾರು. ಅದನ್ನು ಅವಳು ಆಡುವವಳಲ್ಲ. ಆದರೆ ಅವನೇ ಆಡಬಹುದಿತ್ತು. ತಪ್ಪು ನನ್ನದು, ಅವಳದಲ್ಲ ಎಂಬ ಒಂದು ಮಾತು. ಆ ಒಂದು ಮಾತು ಆಡಿದ್ದರೆ, ಎಲ್ಲರ ಎದುರಿಗೆ, ಅಪ್ಪಣೆ ಗಿಪ್ಪಣೆ ಎಲ್ಲ ಬಿಟ್ಟು ಅವಳು ಅಲ್ಲಿಂದಲೇ ಅವನ ಹಿಂದೆ ಹೋಗಲು ತಯಾರಿದ್ದಳು. ಅದು ಅವಳಿಗೆ ಆ ಗಳಿಗೆಯಲ್ಲಿ ಖಚಿತವಾಗಿ ಗೊತ್ತಿತ್ತು.

ಅವನ ತಾಯಿ ಎಲೆ ಮಡಚುತ್ತ, ಬೇರೆ ಯಾರ ಮೇಲೋ ಮನಸ್ಸಿರಬೇಕು, ಅದನ್ನು ಮೊದಲೇ ಹೇಳಿದ್ದರೆ ನಮಗೆ ಈ ದಾರಿ ತಪ್ಪುತ್ತಿತ್ತು ಅಂದಳು. ತಾಯಿಯಿಲ್ಲದ ಮಗಳು ಎಂದು ಕರುಣೆ ಮಾಡಿದ್ದಕ್ಕೆ ಇದು ಫಲ ಅಂದಳು.

ಅದನ್ನೂ ಅಮರಗುಂಡಪ್ಪ ಕೇಳಿದ. ಬಾಯಿ ತೆರೆದ. ಜಂಬಮ್ಮ ಅವನ ಕಡೆ ಒಂದು ಹೆಜ್ಜೆ ಇಟ್ಟಳು.

"ಮಾವ, ಬಿಸಲು ಇಳೀತು. ಎತ್ತು ಹೂಡಸ್ರಿ," ಎಂದು ತನ್ನ ಸೋದರಮಾವನಿಗೆ ಹೇಳಿ, ಅವನು ತಲೆ ತಗ್ಗಿಸಿ ಅವಳ ಪಕ್ಕದಿಂದಲೇ ಹಾದು ಹೋದ.

ಗಾಡಿ ಸಂತೆಕಲ್ಲೂರಿನ ಕಡೆ ತಿರುಗಿತು. ಸೂಗಪ್ಪ ಎತ್ತಿಗೆ ಹೂಂ ಅನ್ನುವುದನ್ನೂ ಬಿಟ್ಟಿದ್ದ. ಜಂಬಮ್ಮ ಈ ಸಲ ಹಿಂದೆ ಕೂಡಲಿಲ್ಲ, ಒಳಗೆ ಅತ್ತೆಯ ಎದುರು ಕೂತಳು. ಹಳ್ಳ ದಾಟಿದ ಮೇಲೆ ಸಂಗಮ್ಮನೇ ಬಾಯಿ ತೆರೆದಳು.

"ಅವನ ಮ್ಯಾಲ ನಿನಗ ಪ್ರೀತಿ ಇದ್ದಿಲ್ಲೇನು?"

"ಇತ್ತು ಅತ್ತಿ. ಈಗೂ ಅದ."

"ಮತ್ತ ದೇವ್ರು ಕೊಡ್ತೀನಿ ಅಂದಾನ. ನೀ ಯಾಕ ಒಲ್ಲೆ ಅಂದಿ?"

ಜಂಬಮ್ಮ ಅತ್ತೆಯ ಕಣ್ಣು ನೋಡಿದಳು. ಅದು ದೇವರು ಕೊಟ್ಟದ್ದಲ್ಲ ಎಂದರೆ ಸಾಕಾಗಿತ್ತು. ಈ ನೊಂದ ಜೀವಕ್ಕೆ ಸಮಾಧಾನ ಆಗುತ್ತಿತ್ತು, ತನ್ನ ಮೇಲಿನ ಹೊರೆ ಇಳಿಯುತ್ತಿತ್ತು, ನಾಳೆ ಬೆಳಗಾದರೆ ಅವನ ಹೆಸರು ಸಂತೆಕಲ್ಲೂರಿನಿಂದ ಲಿಂಗಸೂಗೂರಿನ ತನಕ ಕೆಟ್ಟು ಹೋಗುತ್ತಿತ್ತು. ಅವನು ಅವಳಿಗಾಗಿ ಒಂದು ಮಾತು ಆಡಲಿಲ್ಲ. ಅವಳು ಅವನಿಗಾಗಿ ಒಂದು ಮಾತು ನುಂಗಿದಳು.

"ಒಲ್ಲೆ ಅನ್ನಿಸ್ತು," ಅಂದಳು.

"ನನಗ ಎಡಕ್ಕ ಬಿತ್ತು, ನಾ ತಲಿ ಬಾಗಿಸಿದೆ," ಅಂದಳು ಸಂಗಮ್ಮ. "ಆ ಬಲ ನನಗ ಬಿದ್ದಿದ್ರ ನಾ ಉಟ್ಟ ಸೀರಿ ಮ್ಯಾಲ ಅವನ ಹಿಂದ ಹೋಗ್ತಿದ್ದೆ. ನೀ ಅದನ್ನ ಕಾಲಾಗ ಹಾಕಿ ತುಳದಿ."

ಹಾಗೆ ಹೇಳಿ, ಮಡಿಲಲ್ಲಿ ಇಟ್ಟು ಸಾಕಿದ ಹುಡುಗಿಗೆ ಬೆನ್ನು ಮಾಡಿ ಕೂತಳು. ಸಂತೆಕಲ್ಲೂರು ಬಂತು, ಗಾಡಿ ನಿಂತಿತು, ಎತ್ತು ಬಿಚ್ಚಿದರು. ಸಂಗಮ್ಮ ಇಳಿದು ಒಳಗೆ ಹೋದಳು. ಆ ಮನೆಯಲ್ಲಿ ಅವರಿಬ್ಬರೂ ಮುಂದೆ ಬಹಳ ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಮಾಡಿದರು. ಸಂಗಮ್ಮ ಹಿಟ್ಟು ಬೇಕಾದರೆ ಕೈ ಚಾಚುತ್ತಿದ್ದಳು, ಜಂಬಮ್ಮ ಕೊಡುತ್ತಿದ್ದಳು. ಮಾತು ಮಾತ್ರ ಆಡಲಿಲ್ಲ.